ಕೀಟನಾಶಕದ ವಿಷ ಏರಿದಾಗ: ಮನೆಯಿಂದ ಐಸಿಯುವರೆಗೆ ಮನೆಯವರು ಮಾಡಬೇಕಾದದ್ದು

ಮಂಡ್ಯ, ಮೈಸೂರು ಜಿಲ್ಲೆಗಳಲ್ಲಿ ಭತ್ತ, ಕಬ್ಬು, ತರಕಾರಿ ಬೆಳೆಯುವ ಮನೆಗಳಲ್ಲಿ ಕೀಟನಾಶಕದ ಡಬ್ಬ ಇದ್ದೇ ಇರುತ್ತದೆ. ದಕ್ಷಿಣ ಭಾರತದ ಕೃಷಿ ಪ್ರದೇಶಗಳಲ್ಲಿ ವಿಷ ಏರಿ ತೀವ್ರ ನಿಗಾ ಘಟಕ ಸೇರುವವರಲ್ಲಿ ಹೆಚ್ಚಿನವರ ದೇಹಕ್ಕೆ ಹೋಗಿರುವುದು ಕೀಟನಾಶಕ, ಅದರಲ್ಲೂ ಆರ್ಗನೊಫಾಸ್ಫರಸ್ ಗುಂಪಿನದು. ಬಾಯಿಂದ ಜೊಲ್ಲು, ವಿಪರೀತ ಬೆವರು, ಕಿರಿದಾದ ಕಣ್ಣಿನ ಪಾಪೆ, ವಾಂತಿ, ಉಸಿರಾಟದ ತೊಂದರೆ ಇದರ ಲಕ್ಷಣಗಳು. ಔಷಧಿ ಸಿಂಪಡಿಸುವಾಗ ಚರ್ಮದ ಮೂಲಕವೂ ಇದು ಒಳಸೇರಬಲ್ಲದು.

ಮೊದಲು 108ಕ್ಕೆ ಕರೆ ಮಾಡಿ. ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಸುತ್ತಿಕೊಂಡು ರೋಗಿಯ ಬಟ್ಟೆ ಬಿಚ್ಚಿ, ಮೈಯನ್ನೂ ಕೂದಲನ್ನೂ ಸೋಪು ನೀರಿನಿಂದ ತೊಳೆಯಿರಿ; ಆದರೆ ಇದಕ್ಕಾಗಿ ಹೊರಡುವುದನ್ನು ತಡಮಾಡಬೇಡಿ. ಎಡಮಗ್ಗುಲಾಗಿ ಮಲಗಿಸಿ. ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸುವ ರೂಢಿಯನ್ನು ಖಂಡಿತ ಬಿಡಬೇಕು, ಏಕೆಂದರೆ ಪ್ರಜ್ಞೆ ಮಂಕಾದವರಲ್ಲಿ ವಾಂತಿ ಶ್ವಾಸಕೋಶಕ್ಕೆ ಇಳಿದು, ಮೂಲ ವಿಷದ ಜೊತೆಗೆ ನ್ಯುಮೋನಿಯಾಕ್ಕೂ ಚಿಕಿತ್ಸೆ ಕೊಡಬೇಕಾಗುತ್ತದೆ.

ಮಳವಳ್ಳಿ, ನಾಗಮಂಗಲದ ಕಡೆಯವರು ನೇರವಾಗಿ ಮೈಸೂರಿಗೇ ಧಾವಿಸುವುದಕ್ಕಿಂತ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಅಟ್ರೋಪಿನ್ (ಈ ವಿಷದ ಪರಿಣಾಮವನ್ನು ತಡೆಯುವ ಔಷಧ) ಮತ್ತು ಆಮ್ಲಜನಕ ಆರಂಭಿಸಿಕೊಂಡು, ನಂತರ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೋಗುವುದು ಕ್ಷೇಮ. ಲೇಬಲ್ ಇರುವ ಡಬ್ಬವನ್ನು ಚೀಲದಲ್ಲಿ ಕಟ್ಟಿ ತೆಗೆದುಕೊಂಡು ಹೋಗಿ. ಕಂಪನಿಯ ಹೆಸರಿಗಿಂತ ಅದರೊಳಗಿನ ರಾಸಾಯನಿಕದ ಹೆಸರು ಮುಖ್ಯ. ಯಾವ ಹೊತ್ತಿನಲ್ಲಿ ನಡೆಯಿತು, ಮದ್ಯ ಸೇವಿಸಿದ್ದರೇ ಎಂಬುದನ್ನೂ ತಿಳಿಸಿ. ಪೊಲೀಸರಿಗೆ ಹೆದರಿ 'ಬರೀ ಹೊಟ್ಟೆನೋವು' ಎಂದು ಹೇಳುವ ಮನೆಯವರಿಂದ ಚಿಕಿತ್ಸೆಯ ಅಮೂಲ್ಯ ಸಮಯ ವ್ಯರ್ಥವಾಗುತ್ತದೆ. ಆಸ್ಪತ್ರೆಯವರು ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ಪ್ರಕರಣ) ದಾಖಲಿಸುತ್ತಾರೆ, ನಿಜ. ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯು ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸುತ್ತದೆ, ಶಿಕ್ಷೆಗೆ ಗುರಿಪಡಿಸುವುದಿಲ್ಲ.

ಐಸಿಯುವಿನಲ್ಲಿ ಮನೆಯವರು ಎದೆಗುಂದುವುದು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ. ಶ್ವಾಸಕೋಶದ ಸ್ರಾವ ಒಣಗುವವರೆಗೆ ಅಟ್ರೋಪಿನ್ ಏರಿಸುತ್ತಾ ಹೋಗುವುದರಿಂದ ರೋಗಿಯ ಮುಖ ಕೆಂಪಾಗಬಹುದು, ನಾಡಿಬಡಿತ ಹೆಚ್ಚಬಹುದು. ಔಷಧ ಹೆಚ್ಚಾದರೆ ಆತ ಬಡಬಡಿಸುತ್ತಾ ಹೊದಿಕೆ ಎಳೆದಾಡಬಹುದು. ಪ್ರಮಾಣ ಸರಿಹೊಂದಿಸಿದಾಗ ಇದು ಇಳಿಯುತ್ತದೆ. ಎರಡನೆಯದು ಇನ್ನೂ ಗಂಭೀರ: ಚೇತರಿಸಿಕೊಂಡು ಮಾತನಾಡಿದ ರೋಗಿಗೆ, ವಿಷ ಸೇರಿದ ಸುಮಾರು 24ರಿಂದ 96 ಗಂಟೆಗಳೊಳಗೆ, ಕುತ್ತಿಗೆ ಎತ್ತಲಾಗದಷ್ಟು ನಿಶ್ಶಕ್ತಿ ಬಂದು, ಉಸಿರಾಟದ ಸ್ನಾಯುಗಳೂ ಸೋಲಬಹುದು. ಆಗ ವೆಂಟಿಲೇಟರ್ ಅನಿವಾರ್ಯ, ಕೆಲವೊಮ್ಮೆ ವಾರಗಳ ಕಾಲ. ಸರಿಯಾದ ಆರೈಕೆ ದೊರೆತರೆ ಸ್ನಾಯುಗಳ ಬಲ ಮರಳುತ್ತದೆ. ಆದ್ದರಿಂದ ಎರಡನೆಯ ದಿನ 'ಈಗ ಚೆನ್ನಾಗಿದ್ದಾನಲ್ಲ' ಎಂದು ಸಹಿ ಹಾಕಿ ಮನೆಗೆ ಕರೆದೊಯ್ಯಲೇಬೇಡಿ. ತಲೆದಿಂಬಿನಿಂದ ತಲೆ ಎತ್ತಲು ಕಷ್ಟವಾಗುತ್ತಿರುವುದು ಕಂಡರೆ ಕೂಡಲೇ ನರ್ಸ್‌ಗೆ ತಿಳಿಸಿ.

ಬಿಡುಗಡೆಗೆ ಮೊದಲು ಮನೋವೈದ್ಯರ ಭೇಟಿಯನ್ನು ಕೇಳಿ ಪಡೆಯಿರಿ. ನಂತರವೂ ಮನಸ್ಸು ಕುಸಿದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ರೋಗಿ ಮನೆ ತಲುಪುವ ಮೊದಲೇ ಉಳಿದ ಕೀಟನಾಶಕವನ್ನು ಮನೆಯಿಂದ ಹೊರಗೆ ಸಾಗಿಸಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿರಿಸಿ, ಕೀಲಿಯನ್ನು ಬೇರೊಬ್ಬರ ವಶಕ್ಕೆ ಕೊಡಿ.