ಒಣಗೂಡನ್ನು ಗುಡಿಸಬೇಡಿ: ಮನೆಕೋಳಿ ಸಾಕುವ ಮಹಿಳೆಯರಿಗೆ ಕೆಲವು ಎಚ್ಚರಿಕೆಗಳು

ಹಿತ್ತಿಲಿನಲ್ಲಿ ಹತ್ತಾರು ಕೋಳಿ ಸಾಕುವ ಮನೆಗಳಲ್ಲಿ ಗೂಡು ಶುಚಿ ಮಾಡುವ ಕೆಲಸ ಬಹುಮಟ್ಟಿಗೆ ಹೆಂಗಸರ ಪಾಲಿಗೇ ಬರುತ್ತದೆ. ಗೂಡಿನೊಳಗೆ ತಲೆ ತೂರಿಸಿ, ಒಣಗಿದ ಹಿಕ್ಕೆಯನ್ನು ಗಿಡ್ಡ ಪೊರಕೆಯಿಂದ ಬರಬರನೆ ಗುಡಿಸಿ, ಉಟ್ಟ ಬಟ್ಟೆಯ ಅಂಚಿನಲ್ಲೇ ಮುಖ ಒರೆಸಿಕೊಂಡು ನೇರವಾಗಿ ಒಲೆಯ ಮುಂದೆ ಕೂರುವವರನ್ನು ಎಷ್ಟೋ ಕಡೆ ಕಂಡಿದ್ದೇನೆ. ಒಣ ಹಿಕ್ಕೆ ಗುಡಿಸುವಾಗ ಏಳುವ ಧೂಳಿನೊಂದಿಗೆ ರೋಗಾಣುಗಳು ಉಸಿರಿನೊಳಗೆ ಹೋಗಿ ಸಾಕುವವರ ಆರೋಗ್ಯ ಕೆಡಬಹುದಾದ್ದರಿಂದ ಇಲ್ಲಿ ಅದನ್ನೇ ವಿಸ್ತರಿಸಿದ್ದೇನೆ.

ಮೊದಲು ಜಾಗ. ಗೂಡು ಅಡುಗೆಮನೆ, ಮಲಗುವ ಕೋಣೆ ಮತ್ತು ಕುಡಿಯುವ ನೀರಿನಿಂದ ದೂರವಿರಲಿ. ರಾತ್ರಿ ಕೋಳಿಗಳನ್ನು ಮಂಚದ ಕೆಳಗೆ ಕೂಡುವ ಅಭ್ಯಾಸವನ್ನು ಬಿಡಲೇಬೇಕು.

ಎರಡನೆಯದು ಉಡುಪು. ಗೂಡಿನ ಕೆಲಸಕ್ಕೆಂದೇ ಒಂದು ಜೊತೆ ಹಳೆಯ ಬಟ್ಟೆ ಮತ್ತು ಚಪ್ಪಲಿಯನ್ನು ಗೂಡಿನ ಬಳಿಯೇ ಇಟ್ಟುಕೊಳ್ಳಿ. ಮೂಗು ಬಾಯಿಗೆ ಮಾಸ್ಕ್ ಇರಲಿ. ಅದಿಲ್ಲವಾದರೆ ಬಟ್ಟೆಯನ್ನಾದರೂ ಕಟ್ಟಿಕೊಳ್ಳಿ, ಆದರೆ ಅದು ನುಣ್ಣನೆಯ ಧೂಳನ್ನು ಪೂರ್ತಿ ತಡೆಯುತ್ತದೆಂದು ನಂಬಬೇಡಿ.

ಮೂರನೆಯದೇ ಶುಚಿಗೊಳಿಸುವಿಕೆ. ಕೋಳಿಗಳನ್ನು ಹೊರಗೆ ಬಿಟ್ಟು, ಗಾಳಿಯಾಡಲು ಬಾಗಿಲು ತೆರೆದಿಟ್ಟು, ಒಣ ಹಿಕ್ಕೆಯ ಮೇಲೆ ನೀರು ಚಿಮುಕಿಸಿರಿ. ಧೂಳು ಏಳದಷ್ಟು ತೇವವಾದರೆ ಸಾಕು, ಕೆಸರಾಗಬಾರದು. ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಉದ್ದ ಹಿಡಿಯ ಸಲಿಕೆಯಿಂದ ಹೆರೆದು ತೆಗೆಯಿರಿ. ಪೊರಕೆಯ ಸರದಿ ಕೊನೆಯಲ್ಲಿ ಮಾತ್ರ. ಆಮೇಲೆ ಸಾಬೂನಿನ ನೀರಿನಿಂದ ತಿಕ್ಕಿ ತೊಳೆದು, ಬಿಸಿಲಿಗೆ ಒಣಗಲು ಬಿಟ್ಟು, ಅನಂತರವೇ ಬ್ಲೀಚಿಂಗ್ ಪೌಡರ್‌ನ ನೀರನ್ನು ಬಳಿಯಬೇಕು. ಈ ಕ್ರಮವನ್ನು ತಲೆಕೆಳಗು ಮಾಡುವವರೇ ಹೆಚ್ಚು. ಹಿಕ್ಕೆ ಇದ್ದಂತೆಯೇ ಅದರ ಮೇಲೆ ಬ್ಲೀಚಿಂಗ್ ಸುರಿದರೆ ಕ್ಲೋರಿನ್‌ನ ಶಕ್ತಿಯೆಲ್ಲ ಕೊಳೆಗೇ ವ್ಯಯವಾಗಿ ರೋಗಾಣುಗಳು ಉಳಿಯುತ್ತವೆ. ಅದಕ್ಕಿಂತ ಕೆಟ್ಟದೆಂದರೆ, ಹಿಕ್ಕೆಯ ಅಮೋನಿಯಾದೊಂದಿಗೆ ಅದು ಸೇರಿ ಕಣ್ಣು, ಗಂಟಲು ಉರಿಸುವ ವಿಷಾನಿಲ ಹುಟ್ಟುತ್ತದೆ. ಶೇ 35ರಷ್ಟು ಕ್ಲೋರಿನ್ ಇರುವ ಪುಡಿಯಾದರೆ ಲೀಟರ್ ನೀರಿಗೆ 14 ಗ್ರಾಂ ಸಾಕು. ಹತ್ತು ನಿಮಿಷ ಹಾಗೆಯೇ ಬಿಟ್ಟು ತೊಳೆದು, ಗೂಡು ಒಣಗಿ ವಾಸನೆ ಹೋದ ಮೇಲೆ ಕೋಳಿಗಳನ್ನು ಒಳಗೆ ಬಿಡಿ. ತಿಂಗಳುಗಟ್ಟಲೆ ಬಾಯಿ ತೆರೆದಿಟ್ಟ ಪುಡಿ ಘಾಟು ಕಳೆದುಕೊಂಡಿದ್ದರೆ ಅದರಲ್ಲಿ ಕ್ಲೋರಿನ್ ಹೆಚ್ಚೇನೂ ಉಳಿದಿರುವುದಿಲ್ಲ. ನೀರಿಗೆ ಹಾಕಿದೊಡನೆ ಹಾಲಿನಂತಾಗುವ, ಒಳಗೆ ಏನಿದೆಯೆಂದು ಚೀಟಿಯಲ್ಲಿ ನಮೂದಿಸದ ಪರಿಮಳದ ದ್ರವಗಳಿಗೆ ನಾನಂತೂ ಹಣ ಕೊಡುವುದಿಲ್ಲ. ಬಿಳುಪು, ಪರಿಮಳಗಳೆರಡೂ ರೋಗಾಣು ಸತ್ತದ್ದಕ್ಕೆ ಸಾಕ್ಷಿಯಲ್ಲ. ಹೆರೆದ ಹಿಕ್ಕೆಯನ್ನು ತರಕಾರಿ ಮಡಿಗೆ ಹಸಿಯಾಗಿ ಹಾಕದೆ ಗುಂಡಿಯಲ್ಲಿ ಕೊಳೆಸಿ ಗೊಬ್ಬರ ಮಾಡಿಕೊಳ್ಳಬೇಕು.

ನಾಲ್ಕನೆಯದು ಕಾಯಿಲೆಯ ಕೋಳಿ. ತೂಕಡಿಸುವ ಕೋಳಿಯನ್ನು ಸಾಯುವ ಮುನ್ನ ಕೊಯ್ದು ಸಾರು ಮಾಡಿದರೆ ನಷ್ಟ ತಪ್ಪುತ್ತದೆಂಬ ಲೆಕ್ಕಾಚಾರ ಬಲು ಅಪಾಯಕಾರಿ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಕೋಳಿಗಳಿಂದ ಮನುಷ್ಯರಿಗೆ ಎಚ್5ಎನ್1 ಹಕ್ಕಿಜ್ವರ ತಗುಲಿದಾಗ 18 ಮಂದಿಯಲ್ಲಿ 6 ಮಂದಿ ತೀರಿಕೊಂಡರು. ಸೋಂಕಿನ ಕೋಳಿಯನ್ನು ಕೊಯ್ಯುವುದು, ಪುಕ್ಕ ಕೀಳುವುದು ಈ ರೋಗ ಅಂಟುವ ಮುಖ್ಯ ದಾರಿಗಳಲ್ಲಿ ಸೇರಿವೆ. ಆದ್ದರಿಂದ ಕಾಯಿಲೆಯ ಕೋಳಿಯನ್ನು ಪ್ರತ್ಯೇಕಿಸಿಡಿ. ಕೋಳಿಗಳು ಒಂದರ ಹಿಂದೆ ಒಂದು ಸತ್ತರೆ ಯಾವುದನ್ನೂ ಮಾರದೆ, ಯಾರಿಗೂ ಕೊಡದೆ ಪಶುವೈದ್ಯರಿಗೆ ತಿಳಿಸಿ. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೈಗೆ ಪ್ಲಾಸ್ಟಿಕ್ ಚೀಲ ತೊಟ್ಟು ಎತ್ತಿ, ನಾಯಿ ಕೆದಕಲಾರದಷ್ಟು ಆಳದಲ್ಲಿ, ಬಾವಿಯಿಂದ ದೂರ ಹೂಳಿರಿ.

ಕೈ ತೊಳೆಯುವ ಬಗ್ಗೆ ಹೇಳುವುದು ಸ್ವಲ್ಪವೇ: ಕೋಳಿ, ಮೊಟ್ಟೆ, ಗೂಡು ಯಾವುದನ್ನು ಮುಟ್ಟಿದರೂ ಸಾಬೂನು ಹಚ್ಚಿ 20 ಸೆಕೆಂಡು ತಿಕ್ಕಿರಿ. ಆರೋಗ್ಯವಾಗಿ ಕಾಣುವ ಕೋಳಿಯ ಹಿಕ್ಕೆಯಲ್ಲೂ ಭೇದಿ, ಜ್ವರ ತರುವ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದಾದ್ದರಿಂದ, ಐದು ವರ್ಷದೊಳಗಿನ ಮಕ್ಕಳಿಗೆ ಆಡಲು ಕೋಳಿಮರಿ ಕೊಡಬಾರದು.

ಹೊಸದಾಗಿ ತಂದ ಕೋಳಿಯನ್ನು ಮೂರು ವಾರ ಬೇರೆಯಾಗಿ ಕಟ್ಟಿರಿ. ಪ್ರತಿದಿನವೂ ಮೊದಲು ಹಳೆಯವಕ್ಕೆ, ಆಮೇಲೆ ಹೊಸತಕ್ಕೆ ಮೇವು ಹಾಕಿರಿ.