ತೊಡೆ ಊದಿದಾಗ ನಾನು ಎಣ್ಣೆ ತಿಕ್ಕಿಸಿಕೊಳ್ಳಲಿಲ್ಲ

ಮುಧೋಳದ ಒಂದು ಗರಡಿಯಲ್ಲಿ ಹುಡುಗರ ಜೊತೆ ಜೋರಾಗಿ ಓಡುತ್ತಿದ್ದೆ. ಎಡ ತೊಡೆಯ ಹಿಂದೆ ಚಳಕ್ ಅಂತು. ಕೈಯಿಟ್ಟು ನೋಡಿದ ಕೂಡಲೇ ಗೊತ್ತಾಯಿತು, ಮಾಂಸಖಂಡ ಸ್ವಲ್ಪ ಹರಿದಿದೆ. ನಾನು ಫಿಸಿಯೊ, ದಿನಾ ನೋಡೋದೇ ಇದನ್ನು.

ವಸ್ತಾದರು ಎಣ್ಣೆ ಬಟ್ಟಲು ತರಿಸಿದರು. "ಬಿಸಿ ಎಣ್ಣಿ ಹಚ್ಚಿ ಗಟ್ಟ್ಯಾಗಿ ತಿಕ್ಕಸ್ಕೋ, ನಾಳಿಗೆ ಓಡಾಡ್ತಿ." "ಈಗ ಬ್ಯಾಡ್ರಿ ವಸ್ತಾದ್ರ" ಅಂದೆ. ಹೊಸ ಗಾಯವನ್ನು ತಿಕ್ಕಿದರೆ ಒಳಗೆ ರಕ್ತ ಇನ್ನೂ ಜಾಸ್ತಿ ಸೋರಬಹುದು.

ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲನ್ನು ದಿಂಬಿನ ಮೇಲಿಟ್ಟೆ. ನೋವು ತಡೆಯದಾದಾಗ ಮಾತ್ರ ಬಟ್ಟೆಯಲ್ಲಿ ಸುತ್ತಿದ ಐಸ್, ಹತ್ತು ನಿಮಿಷ. ಬಾವು ಇಳಿಸುವ ಗುಳಿಗೆ ಮುಟ್ಟಲಿಲ್ಲ. ಎರಡು ರಾತ್ರಿ ಪ್ಯಾರಾಸಿಟಮಾಲ್ ಸಾಕಾಯಿತು.

ಬಾವು ಅಂದರೆ ಬರೀ ತೊಂದರೆ ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ದುರಸ್ತಿ ಶುರುವಾಗೋದೇ ಅಲ್ಲಿಂದ. ಗಾಯವಾದ ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬಂದು ಸೇರುತ್ತವೆ. ಅವುಗಳ ಹಿಂದೆ ಮೊನೊಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು. ಇವು ಅಲ್ಲೇ ಮ್ಯಾಕ್ರೊಫೇಜ್ ಆಗಿ, ಸತ್ತ ಎಳೆಗಳ ಚೂರುಗಳನ್ನು ತಿನ್ನುತ್ತವೆ. ನನಗೆ ತುಂಬಾ ಹಿಡಿಸಿದ ವಿಷಯ ಮುಂದಿನದು. ಹಾಗೆ ತಿಂದಾಗ ಅವುಗಳ ಗುಣವೇ ಬದಲಾಗುತ್ತದೆ. ಮೊದಲು ಬಾವು ಹೆಚ್ಚಿಸುತ್ತಿದ್ದವು ಆಮೇಲೆ ತಗ್ಗಿಸುತ್ತವೆ. ಮೊದಲ ಹಂತದಲ್ಲಿ ಸ್ಯಾಟಲೈಟ್ ಕಣಗಳು, ಅಂದರೆ ಹೊಸ ಸ್ನಾಯು ಕಟ್ಟುವ ಕಾಂಡಕೋಶಗಳು (ಸ್ಟೆಮ್ ಸೆಲ್), ಸಂಖ್ಯೆಯಲ್ಲಿ ಹೆಚ್ಚುತ್ತವೆ. ಎರಡನೇ ಹಂತದಲ್ಲಿ ಅವು ಬೆಸೆದುಕೊಂಡು ಹೊಸ ಎಳೆಗಳಾಗುತ್ತವೆ. ಈ ಬದಲಾವಣೆಯನ್ನು 2007ರಲ್ಲಿ ಪ್ಯಾರಿಸ್‌ನ ಸಂಶೋಧಕರು ಇಲಿಗಳಲ್ಲಿ ತೋರಿಸಿದರು. ಮೊನೊಸೈಟ್‌ಗಳೇ ಇಲ್ಲದಂತೆ ಮಾಡಿದಾಗ ಇಲಿಗಳ ಸ್ನಾಯು ಸರಿಯಾಗಿ ಕೂಡಲಿಲ್ಲ. ಇದನ್ನು ಓದಿದ ಮೇಲೆ, ಮೊದಲ ದಿನವೇ ಬಾವನ್ನು ಪೂರ್ತಿ ಅಡಗಿಸಲು ನನಗೆ ಮನಸ್ಸು ಬರೋದಿಲ್ಲ.

ಸುಮ್ನೆ ಮಲಗಿರಲೂ ಇಲ್ಲ. ನಾಲ್ಕನೇ ದಿನದಿಂದ ಹಿಮ್ಮಡಿಯನ್ನು ನೆಲಕ್ಕೆ ಮೆಲ್ಲಗೆ ಒತ್ತಿ, ಐದು ಎಣಿಸಿ ಬಿಡುತ್ತಿದ್ದೆ. ಮನೆಯೊಳಗೆ ನಡಿಗೆ. ಹತ್ತನೇ ದಿನದ ಹೊತ್ತಿಗೆ ಅಂಗಾತ ಮಲಗಿ ಸೊಂಟ ಎತ್ತುವುದು. ನೋವು ಕೊಂಚ ಇದ್ದರೆ ಮುಂದುವರಿಸಿದೆ, ಮರುದಿನ ಹೆಚ್ಚಾಗಿದ್ದರೆ ಒಂದು ಹೆಜ್ಜೆ ಹಿಂದೆ ಬಂದೆ.

ನನ್ನದು ಸಣ್ಣ ಗಾಯ. ಕಾಲು ಊರಲಿಕ್ಕೇ ಆಗದಿದ್ದರೆ, ತೊಡೆ ಕಲ್ಲಿನಂತೆ ಬಿಗಿದರೆ, ಪಾದ ಮರಗಟ್ಟಿದರೆ ಮನೆಯಲ್ಲಿ ಕೂರಬೇಡಿ. ತಕ್ಷಣ ಡಾಕ್ಟರ ಹತ್ತಿರ ಹೋಗಿ.

ಆರನೇ ವಾರ ಗರಡಿಯ ಸುತ್ತ ನಿಧಾನವಾಗಿ ಓಡಿದೆ. ಎಣ್ಣೆಯನ್ನೂ ಹಚ್ಚಿಸಿಕೊಂಡೆ, ವಸ್ತಾದರ ಕೈಯಿಂದಲೇ.