ಬಾವಿ ಒಣಗಿ ಓಡಿ ಹೋತು

ಹುನಗುಂದ ಕಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನೌಕರಿಗೆ ಹತ್ತಿದ ಮೊದಲ ವರ್ಷ ಒಂಬತ್ತನೇ ತರಗತಿಗೆ ಒಂದು ಸಣ್ಣ ಪರೀಕ್ಷೆ ಇಟ್ಟಿದ್ದೆ. ‘ದಿ ವೆಲ್ ರ್ಯಾನ್ ಡ್ರೈ ಇನ್ ಏಪ್ರಿಲ್’ ಅನ್ನುವುದನ್ನು ಕನ್ನಡದಲ್ಲಿ ಬರೆಯಿರಿ ಅಂದಿದ್ದೆ. ಅರ್ಧಕ್ಕಿಂತ ಹೆಚ್ಚು ಹುಡುಗರ ಉತ್ತರ ಒಂದೇ: ‘ಏಪ್ರಿಲ್‌ದಾಗ ಬಾವಿ ಒಣಗಿ ಓಡಿ ಹೋತು.’ ಒಬ್ಬರದನ್ನೊಬ್ಬರು ನೋಡಿ ಬರೆದಿದ್ದಾರೆ ಅಂದುಕೊಂಡು ಎಲ್ಲರಿಗೂ ಸೊನ್ನೆ ಹಾಕಿದೆ. ಮುಂದಿನ ವಾಕ್ಯ, ‘ಮೈ ಅಂಕಲ್ ರನ್ಸ್ ಎ ಹೋಟೆಲ್ ಇನ್ ಇಳಕಲ್.’ ಒಬ್ಬ ಹುಡುಗ ‘ನಮ್ಮ ಕಾಕಾ ಇಳಕಲ್ಲ ಹೋಟೆಲ್‌ನಾಗ ಓಡ್ತಾನ’ ಅಂತ ಬರೆದಿದ್ದ.

‘ಹೋಟೆಲ್‌ನಾಗ ಯಾಕ ಓಡ್ತಾನಲೇ ನಿಮ್ಮ ಕಾಕಾ?’ ಅಂದೆ.

‘ಗಿರಾಕಿ ಭಾಳ ಇರಬೇಕ್ರಿ ಸರ್ರ.’

ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಸಂಜೆ ಅವನ ವಹಿ ತಿರುವಿ ಹಾಕುವಾಗ ನಗು ಹೋಯಿತು. ‘ರನ್ ಅಂದರೆ ಓಡು’ ಅಂತ ಹತ್ತು ಸಲ ಬರೆಸಿದವನು ನಾನೇ. ಕೆಳಗೆ ಕೆಂಪು ಶಾಯಿಯಲ್ಲಿ ಸರಿ ಗುರುತು, ನನ್ನದೇ ಸಹಿ. ಹುಡುಗರು ನಾನು ಕಲಿಸಿದ್ದನ್ನು ಪ್ರಾಮಾಣಿಕವಾಗಿ ಬರೆದಿದ್ದರು. ಮರುದಿನ ಸೊನ್ನೆಗಳನ್ನು ಕಾಟು ಹಾಕಿದೆ.

ಈ ಸಣ್ಣ ಶಬ್ದ ಎಷ್ಟು ಆಳದ್ದು ಅಂತ ಆಮೇಲೆ ಓದಿ ತಿಳಿದೆ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳ ಶಬ್ದ ‘ಸೆಟ್’ ಅಂತ ಬಹಳ ಕಾಲ ಲೆಕ್ಕ ಇತ್ತು. 1989ರ ಆಕ್ಸ್‌ಫರ್ಡ್ ದೊಡ್ಡ ಕೋಶದ ಎರಡನೇ ಆವೃತ್ತಿಯಲ್ಲಿ ಅದಕ್ಕೆ 430 ಅರ್ಥ. ಮೂರನೇ ಆವೃತ್ತಿಯ ಕೆಲಸದಲ್ಲಿ ‘ರನ್’ ಅದನ್ನು ಹಿಂದೆ ಹಾಕಿತು: ಕ್ರಿಯಾಪದವಾಗಿಯೇ 645 ಅರ್ಥ. ಪೀಟರ್ ಗಿಲಿವರ್ ಎನ್ನುವ ಸಂಪಾದಕರಿಗೆ ಇದೊಂದೇ ಶಬ್ದಕ್ಕೆ ಒಂಬತ್ತು ತಿಂಗಳು ಹಿಡಿಯಿತಂತೆ. ನನಗೆ ವಾರಕ್ಕೆ ಸಿಗುವ ಪಿರಿಯಡ್‌ಗಳಲ್ಲಿ ವ್ಯಾಕರಣಕ್ಕೆ ಉಳಿಯುವುದು ಒಂದೋ ಎರಡೋ. ಹತ್ತನೇ ತರಗತಿಯ ಹುಡುಗನಿಗೆ ಈ 645ರಲ್ಲಿ ಹನ್ನೆರಡು ಸಾಕು ಅಂತ ನಿರ್ಧರಿಸಿದೆ. ಆ ಹನ್ನೆರಡನ್ನು ಹೊಂದಿಸುವುದು ಹೇಗೆ ಅನ್ನುವುದಕ್ಕೇ ಎರಡು ವರ್ಷ ಹೋಯಿತು.

ಮೊದಲು ಪಟ್ಟಿ ಕೊಟ್ಟೆ. ಹುಡುಗರು ಪಟ್ಟಿಯನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದರು, ಮಗ್ಗಿಯ ಹಾಗೆಯೇ ಮರೆತರು. ಆಮೇಲೆ ಒಂದು ದಿನ ಸ್ಟಾಫ್‌ರೂಮಿನಲ್ಲಿ ಚಹಾ ಕುಡಿಯುವಾಗ ಗಣಿತದ ಸರ್ ಯಾರಿಗೋ ಫೋನಿನಲ್ಲಿ, ‘ತಮ್ಮನ ಅಂಗಡಿ ಛಲೋ ನಡದೈತ್ರಿ, ಬೋರ್ ಮೋಟರ್ ಒಂದ ನಡಿವಲ್ದು’ ಅನ್ನುತ್ತಿದ್ದರು. ಅಂಗಡಿ ನಡೆಯುತ್ತದೆ, ಮೋಟರ್ ನಡೆಯುತ್ತದೆ, ಸಂಸಾರ ನಡೆಯುತ್ತದೆ. ಇಂಗ್ಲಿಷಿನವ ಓಡಿಸುವುದನ್ನೆಲ್ಲ ನಾವು ಆರಾಮಾಗಿ ನಡೆಸುತ್ತೇವೆ! ‘ರನ್’ ಅನ್ನುವುದಕ್ಕೆ ‘ಓಡು’ ಅಂತ ಬರೆಸಿದ್ದೇ ತಪ್ಪು. ಅದರ ನಿಜವಾದ ಜೋಡಿ ‘ನಡೆ’.

ಮರುದಿನ ಬೋರ್ಡಿನ ಮೇಲೆ ಚೌಕಾಬಾರದ ಮನೆಗಳ ಹಾಗೆ ಏಳು ಮನೆ ಬರೆದೆ: ಓಡು, ಹರಿ, ನಡಿ, ನಡಸು, ಹೋಗು, ಬಿಡು, ತೀರು. ನಾನು ಇಂಗ್ಲಿಷ್ ವಾಕ್ಯ ಹೇಳಬೇಕು, ಅವರು ಯಾವ ಮನೆ ಅಂತ ಕೂಗಬೇಕು. ಶಬ್ದಾರ್ಥ ಕೇಳುವ ಹಾಗಿಲ್ಲ, ‘ಇದನ್ನ ನಮ್ಮವ್ವ ಹೆಂಗ ಅಂತಾಳ’ ಅಂತ ವಿಚಾರ ಮಾಡಬೇಕು. ‘ದಿ ಪಂಪ್ ಈಸ್ ರನ್ನಿಂಗ್’ ಅಂದರೆ ನಡಿ. ‘ಶಿ ರನ್ಸ್ ಎ ಶಾಪ್’ ಅಂದರೆ ನಡಸು. ‘ನ್ಯಾಷನಲ್ ಹೈವೇ 50 ರನ್ಸ್ ಥ್ರೂ ಹುನಗುಂದ’ ಅಂದಾಗ ಒಂದು ಗಳಿಗೆ ಸುಮ್ಮನಿದ್ದರು. ಹಿಂದಿನ ಬೆಂಚಿನವ, ‘ಹೋಗು ರೀ ಸರ್ರ. ಹೊಸಪೇಟಿಗೆ ಹೋಗತೈತಲ್ರಿ’ ಅಂದ. ರಸ್ತೆ ಇದ್ದಲ್ಲೇ ಬಿದ್ದಿರುತ್ತದೆ, ಆದರೂ ನಮ್ಮಲ್ಲಿ ಅದು ಹೋಗುತ್ತದೆ, ಅವರಲ್ಲಿ ಓಡುತ್ತದೆ. ಎರಡೂ ಕಡೆ ನಿಜವಾಗಿ ಚಲಿಸುವುದು ನೋಡುವವನ ಕಣ್ಣು ಮಾತ್ರ.

ನೀರಿನ ಮನೆ ಎಲ್ಲಕ್ಕಿಂತ ಸಲೀಸು. ಈ ಶಬ್ದದ ಹಳೇ ರೂಪ ‘ರಿನ್ನನ್’ ಮೊದಲಿನಿಂದಲೂ ಓಡುವುದಕ್ಕೂ ಆಗುತ್ತಿತ್ತು, ಹರಿಯುವುದಕ್ಕೂ ಆಗುತ್ತಿತ್ತು. ಜರ್ಮನ್ ಭಾಷೆಯ ‘ರಿನ್ನೆನ್’ ಇವತ್ತಿಗೂ ಹರಿಯುವುದೇ. ಹಾಗಾಗಿ ನಳ, ಹೊಳೆ, ನೆಗಡಿಯಾದವನ ಮೂಗು ಒಂದೇ ಮನೆಯಲ್ಲಿ ಕೂಡುತ್ತವೆ. ಮೂಗಿನ ಉದಾಹರಣೆ ತಪ್ಪದೆ ಕೊಡಿ. ಕ್ಲಾಸಿನಲ್ಲಿ ಒಬ್ಬನಾದರೂ ಆ ಸ್ಥಿತಿಯಲ್ಲಿ ಇದ್ದೇ ಇರುತ್ತಾನೆ.

‘ದಿ ಕಲರ್ ರ್ಯಾನ್’ ಮಾತ್ರ ಯಾರಿಗೂ ಹೊಳೆಯಲಿಲ್ಲ. ಬಣ್ಣ ಹೇಗೆ ಓಡುತ್ತದೆ? ಇಳಕಲ್ಲಿನಿಂದ ಬರುವ ಒಬ್ಬ ಹುಡುಗಿಯ ಮನೆಯಲ್ಲಿ ಮಗ್ಗ ಇದೆ. ಮರುದಿನ ಅವಳು ಕಂಪಾಸ್ ಪೆಟ್ಟಿಗೆಯೊಳಗೆ ಕೆಂಪು ನೂಲಿನ ಒಂದು ಗೇಣು ಎಳೆ ತಂದಿದ್ದಳು, ಬಣ್ಣ ಸರಿಯಾಗಿ ಕೂಡದ್ದು ಅಂತ ಅವಳಪ್ಪ ಬದಿಗಿಟ್ಟಿದ್ದ ಲಡಿಯಿಂದ ಕಿತ್ತದ್ದು. ಸ್ಟೀಲ್ ಲೋಟದಲ್ಲಿ ಕಾಣುವುದಿಲ್ಲ ಅಂತ ಲ್ಯಾಬಿನಿಂದ ಗಾಜಿನ ಬೀಕರ್ ತರಿಸಿದೆ. ನೂಲಿನ ತುದಿ ನೀರಿಗೆ ತಾಗಿದ ಕೂಡಲೇ ಕೆಂಪು ಎಳೆಯೆಳೆಯಾಗಿ ಕೆಳಕ್ಕೆ ಇಳಿಯಿತು, ಬುಡ ಮುಟ್ಟಿ ಹರಡಿತು. ‘ಓಡಾಕತ್ತೈತಿ ನೋಡ್ರಿ’ ಅಂದ ಒಬ್ಬ. ಹುಡುಗಿಗೆ ಸಮಾಧಾನ ಆಗಲಿಲ್ಲ. ‘ಇದಕ್ಕ ನಾವು ಬಣ್ಣ ಬಿಡತೈತಿ ಅಂತೀವ್ರಿ’ ಅಂದಳು. ‘ಬಿಡು’ ಮನೆಗೆ ಅದು ಬಂತು. ಅವಳೇ ಇನ್ನೊಂದು ಹೇಳಿದಳು: ಸೀರೆಯ ದಡಿ ಈ ತುದಿಯಿಂದ ಆ ತುದಿಯ ತನಕ ಹೋಗಿರುತ್ತದಲ್ಲ, ಅದಕ್ಕೂ ‘ರನ್’ ಆಗತೈತೇನ್ರಿ? ಆಗುತ್ತದೆ. ನಾನು ಅಷ್ಟು ದಿನ ಗೋಡೆಯ ಮೇಲಿನ ಬಿರುಕಿನ ಉದಾಹರಣೆ ಕೊಡುತ್ತಿದ್ದೆ, ಅಂದಿನಿಂದ ದಡಿಯದೇ ಕೊಡುತ್ತೇನೆ.

ಚುನಾವಣೆ ಯಾವ ಮನೆಗೂ ಹೊಂದಲಿಲ್ಲ. ಅಮೆರಿಕದವರು ಚುನಾವಣೆಗೆ ಓಡುತ್ತಾರೆ, ಇಂಗ್ಲೆಂಡಿನವರು ನಿಲ್ಲುತ್ತಾರೆ. ನಾವೂ ನಿಲ್ಲುತ್ತೇವೆ. ಗ್ರಾಮ ಪಂಚಾಯ್ತಿಗೆ ನಿಂತವರು ಓಡಾಡುವುದನ್ನು ಕಂಡ ಹುಡುಗರಿಗೆ ಅಮೆರಿಕದ ಮಾತೇ ಖರೆ ಅನಿಸಿತು.

ನಿಜವಾದ ತ್ರಾಸು ಶುರುವಾಗುವುದು ‘ರನ್’ ಪಕ್ಕದಲ್ಲಿ ಬಾಲದಂಥ ಶಬ್ದಗಳು ಬಂದಾಗ. ‘ವಿ ರ್ಯಾನ್ ಔಟ್ ಆಫ್ ಸಾಲ್ಟ್’ ಅಂದರೆ ಉಪ್ಪು ತೀರಿತು. ನಮ್ಮ ಹುಡುಗರಿಗೆ ರನ್‌ಔಟ್ ಅಂದರೆ ಕ್ರಿಕೆಟ್, ಬೇರೇನೂ ಅಲ್ಲ. ‘ಉಪ್ಪಿನಿಂದ ರನ್‌ಔಟ್ ಆದ್ವಿ’ ಅಂತ ಬರೆದ ಉತ್ತರ ಇನ್ನೂ ನನ್ನ ಹತ್ತಿರ ಇದೆ. ಇಲ್ಲಿ ಏಳು ಮನೆಯ ಆಟ ಅರ್ಧಕ್ಕೇ ನಿಲ್ಲುತ್ತದೆ. ‘ಇಂಟು’ವಿಗೆ ಕೂಡಲಸಂಗಮ ಕೈ ಹಿಡಿಯಿತು. ಅಲ್ಲಿ ಮಲಪ್ರಭೆ ಕೃಷ್ಣೆಯನ್ನು ಕೂಡುತ್ತದೆ: ‘ದಿ ಮಲಪ್ರಭಾ ರನ್ಸ್ ಇಂಟು ದಿ ಕೃಷ್ಣಾ.’ ಅದೇ ಸಂಗಮದ ಜಾತ್ರೆಯಲ್ಲಿ ಸೋದರಮಾವ ಅಚಾನಕ್ ಭೆಟ್ಟಿಯಾದರೆ, ‘ಐ ರ್ಯಾನ್ ಇಂಟು ಮೈ ಅಂಕಲ್.’ ಬರುವಾಗ ಟಂಟಂ ಗಾಡಿ ಗಿಡಕ್ಕೆ ಗುದ್ದಿದರೆ ಅದೂ ‘ರ್ಯಾನ್ ಇಂಟು.’ ಒಂದೇ ಊರಿನ ಮೂರು ಸಂಗತಿ, ಮರೆಯುವುದಿಲ್ಲ. ಉಳಿದ ‘ಓವರ್’, ‘ಡೌನ್’, ‘ಅಕ್ರಾಸ್’ಗಳಿಗೆ ನನ್ನ ಬಳಿ ಉಪಾಯವಿಲ್ಲ. ವಾರಕ್ಕೆರಡು ಚೀಟಿಯಲ್ಲಿ ಬರೆದು ಗೋಡೆಗೆ ಹಚ್ಚುತ್ತೇನೆ, ಅಷ್ಟೇ.

ಒಮ್ಮೆ ಒಬ್ಬ ಹುಡುಗ ಬೇಜಾರಾಗಿ, ‘ಒಂದ ಶಬ್ದಕ್ಕ ಇಷ್ಟ್ಯಾಕ್ರಿ ಅರ್ಥ? ಇವರಿಗೆ ಬ್ಯಾರೆ ಶಬ್ದ ಇರಲಿಲ್ಲೇನ್ರಿ?’ ಅಂದ. ಆಟ ತಿರುಗಿಸಿದೆ. ‘ಹತ್ತು’ ಇಟ್ಟು ವಾಕ್ಯ ಹೇಳ್ರಿ, ನಾನು ಇಂಗ್ಲಿಷ್ ಮಾಡ್ತೀನಿ ಅಂದೆ. ಮಳೆ ಬಿದ್ದ ಹಾಗೆ ಬಂದವು. ಬಸ್ ಹತ್ತಿದ, ‘ಗಾಟ್ ಆನ್.’ ಬೆಂಕಿ ಹತ್ತಿತು, ‘ಕಾಟ್.’ ನಿದ್ದಿ ಹತ್ತಿತು, ‘ಫೆಲ್ ಅಸ್ಲೀಪ್.’ ಹೋಗಾಕ ತಾಸು ಹತ್ತತೈತಿ, ‘ಟೇಕ್ಸ್.’ ಮನಿ ಕಟ್ಟಾಕ ಎಷ್ಟು ಹತ್ತಿತು, ‘ಕಾಸ್ಟ್.’ ನಾಯಿ ಬೆನ್ನ ಹತ್ತಿತು, ‘ಚೇಸ್ಡ್.’ ಮಳಿ ಬರಾಕ ಹತ್ತೈತಿ ಅಂದಾಗ ನಾನು ಬರೀ ‘ಈಸ್ ರೇನಿಂಗ್’ ಅಂದೆ, ‘ಹತ್ತು ಎಲ್ಲಿ ಹೋತ್ರಿ ಸರ್ರ?’ ಅಂತ ಹಿಡಿದರು. ಅತ್ತಿ ಸೊಸಿಗೆ ಹತ್ತಂಗಿಲ್ಲ ಅಂದಾಗ ಸ್ವಲ್ಪ ತಡವರಿಸಿ ‘ಡೋಂಟ್ ಗೆಟ್ ಅಲಾಂಗ್’ ಅಂದೆ. ಹತ್ತು ರೂಪಾಯಿ ಅಂತ ಒಬ್ಬ ಜಾಣ ಸೇರಿಸಿದ. ಅದು ಬೇರೆ ಶಬ್ದ, ಉಚ್ಚಾರ ಮಾತ್ರ ಒಂದೇ, ಅದನ್ನು ಬೋರ್ಡಿನ ಮೂಲೆಗೆ ದೂಡಿದೆ. ಬೋರ್ಡ್ ತುಂಬಿದ ಮೇಲೆ ಆ ಬೇಜಾರಿನ ಹುಡುಗ ಹೇಳಿದ್ದು: ‘ಪಾಪ್ರೀ, ಇಂಗ್ಲಿಷಿನವರು ಕನ್ನಡಾ ಹೆಂಗ ಕಲೀತಾರೋ!’

ಈಗ ಪರೀಕ್ಷೆಯಲ್ಲಿ ಅನುವಾದ ಕೊಡುವುದಿಲ್ಲ. ‘ರನ್’ ಹಾಕಿ ನಿಮ್ಮ ಮನೆಯ ಬಗ್ಗೆ ಮೂರು ವಾಕ್ಯ ಬರೆಯಿರಿ ಅನ್ನುತ್ತೇನೆ. ಕಳೆದ ಸಲ ಒಬ್ಬ ಎರಡು ಸರಿ ಬರೆದು ಮೂರನೆಯದಕ್ಕೆ, ‘ದಿ ಕರೆಂಟ್ ರ್ಯಾನ್ ಅಟ್ ಸೆವೆನ್ ಓ ಕ್ಲಾಕ್’ ಅಂತ ಬರೆದ. ಏಳಕ್ಕೆ ಕರೆಂಟ್ ಬಂತು ಅಂತಲೇನೋ ಅಂತ ಕೇಳಿದೆ.

‘ಇಲ್ರಿ, ಹೋತ್ರಿ. ರಸ್ತಾ ಹೋಗತೈತಿ ಅಂದ್ರ ರನ್ ಅಂದ್ರಿ. ಕರೆಂಟ್ ಹೋದ್ರ ಯಾಕ ಆಗಂಗಿಲ್ಲ?’

ಅದು ‘ವೆಂಟ್’ ಆಗಬೇಕು ಅಂದೆ. ಅವನು ತಿರುಗಿ ಬೋರ್ಡ್ ನೋಡಿದ. ‘ಹೋಗು’ ಮನೆ ಅಲ್ಲೇ ಇತ್ತು, ನನ್ನದೇ ಅಕ್ಷರ. ಅರ್ಧ ಮಾರ್ಕು ಕೊಟ್ಟೆ. ಉಳಿದರ್ಧಕ್ಕೆ ಅವನು ಸೈಕಲ್ ಸ್ಟ್ಯಾಂಡಿನ ತನಕ ಬೆನ್ನು ಹತ್ತಿದ.